ಹಾಡು ಹೋಯ್ತು, ಲೇಬಲ್ ಉಳೀತು

ಮೊದ್ಲೇ ಹೇಳಿಬಿಡ್ತೇನೆ, ಕಳೆದ ಮಳೆಗಾಲದಲ್ಲಿ ನಾನೊಂದು ಹಾಡನ್ನು ಕೈಯಾರೆ ಕೊಂದಿದ್ದೇನೆ.

ಕಾರ್ಕಳದ ಹತ್ತಿರ ನಮ್ಮ ಅಜ್ಜಿಮನೆಯ ಹಂಚು ತೆಗೆದು ರಿಪೇರಿ ಮಾಡುವಾಗ ಅಟ್ಟದಿಂದ ಒಂದು ಮರದ ಪೆಟ್ಟಿಗೆ ಇಳೀತು, ಒಳಗೆ 17 ಗ್ರಾಮಫೋನ್ ಪ್ಲೇಟು. ಚಾವಿ ಕೊಡುವ ಗ್ರಾಮಫೋನು ಯಾವತ್ತೋ ಗುಜರಿಗೆ ಹೋಗಿತ್ತಂತೆ, ಪ್ಲೇಟು ಮಾತ್ರ ಯಾರಿಗೂ ಬೇಡಾಂತ ಉಳ್ಕೊಂಡದ್ದು. ನಮ್ಮ ಕರಾವಳಿಯ ಮಳೆ ಗೊತ್ತುಂಟಲ್ಲ, ಚಪ್ಪಲಿಗೂ ಬೂಷ್ಟು ಹಿಡೀತದೆ, ಪ್ಲೇಟಿನ ಮೇಲೆ ಬೆಳ್ಳಗೆ ಹಿಟ್ಟು ಚೆಲ್ಲಿದ ಹಾಗಿತ್ತು. ಎಲ್ಲಕ್ಕಿಂತ ಮೇಲಿದ್ದ ಪ್ಲೇಟಿನ ಲೇಬಲಲ್ಲಿ ಕನ್ನಡ ಅಕ್ಷರದಲ್ಲಿ 'ನಾಟಕದ ಹಾಡು' ಅಂತ, ಕೆಳಗೆ ಹಾಡಿದ ಹೆಂಗಸಿನ ಹೆಸರು. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸ್ಲಿಕ್ಕೆ ಶುರು ಮಾಡಿದೆ. ಹತ್ತಿ ಕಪ್ಪು ಕಪ್ಪು ಆಯ್ತು, ಆಹಾ ಎಷ್ಟು ವರ್ಷದ ಕೊಳೆ ಹೋಗ್ತಾ ಉಂಟು ಅಂತ ಖುಷಿಯಲ್ಲಿ ಇನ್ನೂ ಜೋರು ಉಜ್ಜಿದೆ. ಒಣಗಿದ ಮೇಲೆ ನೋಡಿದ್ರೆ ಹೊಳಪೇ ಇಲ್ಲ, ಬೆಳಕಿಗೆ ಹಿಡಿದ್ರೆ ಆ ಸಪೂರ ಗೆರೆಗಳೆಲ್ಲ ಕಲಸಿಹೋಗಿದ್ದವು.

ಅಲ್ಲೇ ಬಾಗಿಲಿಗೆ ಕೆಲಸ ಮಾಡ್ತಿದ್ದ ಆಚಾರ್ರು ಬಂದು ನೋಡಿ ಕೇಳಿದ್ರು, "ಇದು ಅರಗಿಂದಲ್ವಾ ಮಾರಾಯ್ರೆ? ಅರಗಿಗೆ ಸ್ಪಿರಿಟ್ ಹಾಕಿದ್ರೆ ನಮಗೆ ಪಾಲಿಶ್ ಸಿಗ್ತದೆ, ನಿಮಗೆ ಹಾಡು ಸಿಗ್ಲಿಕ್ಕುಂಟಾ?"

ಸರಿ ಅವ್ರು ಹೇಳಿದ್ದು. ಆ ಕಾಲದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟು ಅಂದ್ರೆ ಕಲ್ಲಿನ ಪುಡಿಯನ್ನು ಅರಗಲ್ಲಿ ಕಲಸಿ ಒತ್ತಿದ್ದು, ಅರಗು ಸ್ಪಿರಿಟಲ್ಲಿ ಕರಗ್ತದೆ. ಹತ್ತಿಗೆ ಹತ್ತಿದ್ದು ಕೊಳೆ ಅಲ್ಲ, ಹಾಡು. ಆಮೇಲೆ ಉಡುಪಿಯ ಒಬ್ಬ ಸ್ನೇಹಿತನ ಮನೆಗೆ ಉಳಿದ 16ನ್ನು ಬೈಹುಲ್ಲಲ್ಲಿ ಇಟ್ಕೊಂಡು ಹೋದೆ. ಅವ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಹಾಕಿ, ಲೇಬಲಿಗೆ ನೀರು ತಾಗದ ಹಾಗೆ ಮೆತ್ತಗಿನ ಬ್ರಶ್ಶಲ್ಲಿ ಸುತ್ತ ಸುತ್ತ ತೊಳೆದ. ಮುಳ್ಳೂ ಬೇರೆಯೇ ಬೇಕು, ಆಮೇಲೆ ಬಂದ ಎಲ್‌ಪಿ ಪ್ಲೇಟಿನ ಸಪೂರ ಮುಳ್ಳು ಇದರ ಅಗಲ ಗೆರೆಯ ತಳಕ್ಕೆ ಇಳಿದು ಬರೀ ಕರಕರ ಅನ್ನಿಸ್ತದೆ, 78ಕ್ಕೆ ಅದರ ಮೂರು ಪಾಲು ದಪ್ಪದ್ದು ಹಾಕ್ಬೇಕು. ಪಿ. ಕಾಳಿಂಗರಾಯರ ಒಂದು ಭಾವಗೀತೆ ಬಂತು ನೋಡಿ, ಇಬ್ಬರೂ ಸುಮ್ನೆ ಕೂತೆವು. ಇಲ್ಲೇ ಬ್ರಹ್ಮಾವರದ ಹತ್ತಿರ ಆರೂರಿನವ್ರು, ಆ ಸ್ವರ ಮೂರು ನಿಮಿಷ ಇತ್ತು ಅಷ್ಟೇ, ಒಂದು ಮಗ್ಗುಲಿಗೆ ಅಷ್ಟೇ ಹಿಡಿಸೋದು.

ಮೂರು ನಿಮಿಷ ಅಂದಾಗ ಒಂದು ಮಾತು. ನಮ್ಮ ಪೆಟ್ಟಿಗೆಯಲ್ಲಿ ಪಾಡ್ದನ, ಅಂದ್ರೆ ತುಳುವಿನ ಉದ್ದದ ಕತೆಹಾಡು, ಒಂದೂ ಇರ್ಲಿಲ್ಲ, ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗಿನ ಹಾಡೂ ಇಲ್ಲ. ಮೂರು ನಿಮಿಷದಲ್ಲಿ ಪಾಡ್ದನದವ್ರು ಗಂಟಲು ಸರಿ ಮಾಡಿ ಆಗ್ತದಷ್ಟೇ! ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನವನ್ನು 1990ರಲ್ಲಿ ಫಿನ್‌ಲ್ಯಾಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಎಲ್ಲ ಸೇರಿ ರೆಕಾರ್ಡ್ ಮಾಡಿದ್ರು, 15,683 ಸಾಲು. ಅದಕ್ಕೆ ದಿನಗಟ್ಟಲೆ ಟೇಪು ಬೇಕಾಯ್ತು. ಪ್ಲೇಟಿನ ಕಾಲದಲ್ಲಿ ಹಾಡ್ತಿದ್ದ ಎಷ್ಟು ಅಜ್ಜಿಯಂದಿರ ಸ್ವರ ಗದ್ದೆಯಲ್ಲೇ ಉಳೀತೋ.

ಈಗ ನನ್ನ ತಕರಾರಿಗೆ ಬರ್ತೇನೆ. ಕಾಳಿಂಗರಾಯರ ಹಾಡನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದೆ, ಲೇಬಲ್ ಫೋಟೋ, ನಂಬರ್ ಎಲ್ಲ ಸೇರಿಸಿ. ಎರಡು ವಾರದಲ್ಲಿ ಅದೇ ಹಾಡು ಬೇರೆ ಗ್ರೂಪಿಂದ ನನಗೇ ವಾಪಸ್ ಬಂತು, 'ಹಳೇ ನೆನಪುಗಳು, ಮಿಸ್ ಮಾಡದೆ ಕೇಳಿ' ಅಂತ, ಹೆಸರಿಲ್ಲ, ಫೋಟೋ ಇಲ್ಲ, ಹಿಂದೆ ಸೂರ್ಯಾಸ್ತದ ಚಿತ್ರ. ಯಾರೋ ಆ್ಯಪಲ್ಲಿ ಕರಕರ ತೆಗೀತೇನೆ ಅಂತ ತೆಗೆದು ತೆಗೆದು ರಾಯರು ಬಾವಿಯೊಳಗೆ ಕೂತು ಹಾಡಿದ ಹಾಗೆ ಮಾಡಿದ್ದಾರೆ. ಮಧ್ಯದಲ್ಲಿ ಅವರ ಚಾನೆಲಿನ ಹೆಸರು ಹೇಳುವ ಒಂದು ಹುಡುಗಿಯ ಸ್ವರ ಬೇರೆ! ಹಾಡಿದವ್ರ ಹೆಸರಿಗೆ ಜಾಗ ಇಲ್ಲ, ಚಾನೆಲಿಗೆ ಉಂಟು.

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದು ಗಾಯಕಿ ಗೌಹರ್ ಜಾನ್ ಹಾಡನ್ನು ರೆಕಾರ್ಡ್ ಮಾಡಿದಾಗ ಮೈಕೂ ಇಲ್ಲ ಎಂತದ್ದೂ ಇಲ್ಲ, ಒಂದು ದೊಡ್ಡ ತುತ್ತೂರಿಗೆ ಬಾಯಿ ಕೊಟ್ಟು ಹಾಡ್ಬೇಕು. ಹಾಡು ಮುಗಿದ ತಕ್ಷಣ ಆಕೆ ನಾನು ಗೌಹರ್ ಜಾನ್ ಅಂತ ಇಂಗ್ಲಿಷಲ್ಲಿ ಗಟ್ಟಿಯಾಗಿ ಹೇಳ್ತಿದ್ರು, ಪ್ಲೇಟು ಒತ್ತೋದು ಜರ್ಮನಿಯ ಹ್ಯಾನೋವರಲ್ಲಿ, ಅಲ್ಲಿಯವ್ರಿಗೆ ಯಾರ ಹಾಡು ಅಂತ ಗೊತ್ತಾಗಿ ಲೇಬಲ್ ಸರಿ ಅಂಟಿಸ್ಲಿಕ್ಕೆ ಅನ್ನೋದು ಇದಕ್ಕೆ ಕೊಡುವ ಕಾರಣ. ಆಕೆ ಕೊನೆಗೆ ನಮ್ಮ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡದ್ದು. ಅಷ್ಟು ಕಷ್ಟಪಟ್ಟು ಉಳಿಸಿದ ಹೆಸರನ್ನು ನಾವು ಒಂದು ಕ್ರಾಪಲ್ಲಿ ಹಾರಿಸ್ತೇವೆ.

ಪ್ಲೇಟು ಕೂಡಿಡುವವ್ರಲ್ಲಿ ಇನ್ನೊಂದು ನಮೂನೆಯವ್ರಿದ್ದಾರೆ, ಹಾಡು ಯಾರಿಗೂ ಕೊಡುವುದೇ ಇಲ್ಲ. ಕಪಾಟಲ್ಲಿ ಸಾಲಾಗಿ ಇಟ್ಟು ಮನೆಗೆ ಬಂದವ್ರಿಗೆ ದೂರದಿಂದ ತೋರಿಸೋದು. ಕಾಪಿರೈಟ್ ಭಯ ಅಂತಾರೆ. ನಮ್ಮಲ್ಲಿ ಧ್ವನಿಮುದ್ರಣಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಅಷ್ಟೇ. ಹೌದು, ಹಾಡು ಬರೆದವ್ರ ಹಕ್ಕು ಬೇರೆ, ಅದು ಅವ್ರು ತೀರಿಕೊಂಡ ಮೇಲೂ 60 ವರ್ಷ ಇರ್ತದೆ, ಅದನ್ನು ನೋಡ್ಕೊಂಡೇ ಹಾಕ್ಬೇಕು. ಆದ್ರೆ ಲೇಬಲಿನ ಫೋಟೋ ಹಂಚ್ಲಿಕ್ಕೆ ಎಂತ ತೊಂದ್ರೆ? ಲೇಬಲಿನ ಪಕ್ಕ ನುಣ್ಣಗಿನ ಜಾಗದಲ್ಲಿ ಒಂದು ನಂಬರ್ ಒತ್ತಿರ್ತದೆ, ಮ್ಯಾಟ್ರಿಕ್ಸ್ ನಂಬರ್, ಅದೂ ಕಾಣುವ ಹಾಗೆ ಬ್ಯಾಟರಿ ಲೈಟನ್ನು ಓರೆ ಹಿಡಿದು ಫೋಟೋ ತೆಗೀರಿ.

ನಾನು ಕೊಂದ ಪ್ಲೇಟನ್ನೂ ಒಮ್ಮೆ ಹಾಕಿ ನೋಡಿದ್ವಿ. ಪೂರಾ ಮಳೆ ಬಿದ್ದ ಹಾಗೆ ಸದ್ದು, ನಡುವೆ ಎಲ್ಲೋ ಹಾರ್ಮೋನಿಯಮ್ಮಿನದ್ದು ಒಂದೇ ಒಂದು ಸ್ವರ. ದೊಡ್ಡಮ್ಮನಿಗೆ ಪಲ್ಲವಿಯ ಅರ್ಧ ಸಾಲು ನೆನಪುಂಟು, ಉಳಿದದ್ದಕ್ಕೆ ಹ್ಮ್ ಹ್ಮ್ ಅಂತಾರೆ. ಲೇಬಲ್ ಮಾತ್ರ ಹೊಸತರ ಹಾಗುಂಟು, ಹೆಸರು, ನಂಬರ್ ಎಲ್ಲ ಕ್ಲಿಯರ್, ಫೋಟೋ ಹಾಕಿದ್ದೇನೆ ನೋಡಿ. ಒಂದೇ ಪ್ಲೇಟು ಒತ್ತಿರ್ಲಿಕ್ಕಿಲ್ಲ ಅಲ್ವಾ, ಅದೇ ನಂಬರಿಂದು ಶಿರಸಿಯಲ್ಲೋ ಹುಬ್ಬಳ್ಳಿಯಲ್ಲೋ ಯಾರದ್ದಾದ್ರೂ ಅಟ್ಟದಲ್ಲಿ ಇದ್ರೆ ಹೇಳಿ, ರಾತ್ರಿ ಬಸ್ಸಿಗೇ ಹೊರಡ್ತೇನೆ. ನಾನು ಬರುವವರೆಗೆ ದಯವಿಟ್ಟು ಒರೆಸ್ಲಿಕ್ಕೆ ಹೋಗ್ಬೇಡಿ.