ಬಚ್ಚಲುಮನೆಯ ಗೋಡೆಗೊಂದು ಕಂಬಿ

ಜಪಾನಿನ ಯೊಕೊಹಾಮಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಒಂಟಿಯಾಗಿ ವಾಸಿಸುತ್ತಾರೆ. ಎರಡು ವರ್ಷಗಳ ಹಿಂದೆ ಅವರ ನಡಿಗೆ ತಡವರಿಸತೊಡಗಿದಾಗ, ಹಿರಿಯರ ಆರೈಕೆಯನ್ನು ಯೋಜಿಸುವ ಕೇರ್ ಮ್ಯಾನೇಜರ್ ಮನೆಗೆ ಬಂದು, ಅವರು ಹಾಸಿಗೆಯಿಂದ ಎದ್ದು ಶೌಚಾಲಯದವರೆಗೆ ಹೋಗುವುದನ್ನು ಹಿಂದೆಯೇ ನಡೆದು ನೋಡಿ, ಅವರ ಕೈ ಎಲ್ಲೆಲ್ಲಿ ಗೋಡೆಯನ್ನು ತಡಕುತ್ತದೆ ಎಂಬುದನ್ನು ಬರೆದುಕೊಂಡರು. ಆ ಬರಹವೇ ಗೋಡೆಗೆ ಹಿಡಿದುಕೊಳ್ಳುವ ಕಂಬಿ ಹಾಕಿಸುವ ಅರ್ಜಿಗೆ ಆಧಾರವಾಯಿತು. ನಗರಾಡಳಿತ ಒಪ್ಪಿಗೆ ಕೊಟ್ಟ ಮೇಲೆ ಬಡಗಿ ಬಂದು ಕೆಲಸ ಮುಗಿಸಿದ. ಅಲ್ಲಿಯವರೆಗೆ ಅಜ್ಜಿ ಒಮ್ಮೆಯೂ ಬಿದ್ದಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅಮ್ಮನ ಪಾಲಿಗೆ ಇದೆಲ್ಲ ತಿರುಗುಮುರುಗಾಯಿತು. ಬಚ್ಚಲುಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಶಸ್ತ್ರಚಿಕಿತ್ಸೆ ಮುಗಿಸಿ ಅವಳು ಮನೆಗೆ ಬಂದ ಮೇಲೆಯೇ ನಾವು ಆ ನೆಲವನ್ನು ಕಣ್ಣುಬಿಟ್ಟು ನೋಡಿದೆವು.

ಜಪಾನಿನಲ್ಲಿ 2000ದ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆರೈಕೆ ವಿಮೆಗೆ 40 ವರ್ಷ ತುಂಬಿದಂದಿನಿಂದ ಕಂತು ಕಟ್ಟಬೇಕು, ನಾನೂ ಕಟ್ಟುತ್ತಿದ್ದೇನೆ. ನೆರವು ಅಗತ್ಯವೆಂದು ಗುರುತಿಸಲಾದ ಹಿರಿಯರ ಮನೆಯಲ್ಲಿ ಕಂಬಿ ಹಾಕಿಸಲು, ನೆಲದ ಏರುತಗ್ಗು ತೆಗೆಸಲು, ಜಾರದ ನೆಲ ಮಾಡಿಸಲು, ಸರಿಸುವ ಬಾಗಿಲು ಕೂಡಿಸಲು, ಕುಕ್ಕರಗಾಲಿನಲ್ಲಿ ಕೂರುವ ಶೌಚಪೀಠದ ಬದಲಿಗೆ ಕಮೋಡ್ ಇಡಿಸಲು 2 ಲಕ್ಷ ಯೆನ್‌ವರೆಗಿನ ವೆಚ್ಚಕ್ಕೆ ಈ ವಿಮೆ ಅನ್ವಯಿಸುತ್ತದೆ. ಅದರಲ್ಲಿ ಹಿರಿಯರು ಭರಿಸಬೇಕಾದದ್ದು ಆದಾಯಕ್ಕೆ ತಕ್ಕಂತೆ ಶೇ 10ರಿಂದ 30ರಷ್ಟು ಮಾತ್ರ. ನಮ್ಮಲ್ಲಿಯೂ ಸರ್ಕಾರ ಸುಮ್ಮನೆ ಕುಳಿತಿಲ್ಲ. 2017ರ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಊರುಗೋಲು, ವಾಕರ್ ಸಿಗುತ್ತವೆ. 70 ತುಂಬಿದವರಿಗೆಲ್ಲ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚ ಭರಿಸುವ ಆಯುಷ್ಮಾನ್ ಭಾರತ್ ವಿಸ್ತರಣೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಆದರೆ ಹೊಸಿಲು ದಾಟಲಾಗದ ವಾಕರ್ ಮನೆಯ ಮೂಲೆ ಸೇರುತ್ತದೆ. ಮುರಿದ ಮೂಳೆಗೆ ಲಕ್ಷಗಟ್ಟಲೆ ಹಣವಿರುವಾಗ, ಅದು ಮುರಿಯದಂತೆ ತಡೆಯುವ ಕೆಲವು ಸಾವಿರ ರೂಪಾಯಿಯ ಕಂಬಿಗೆ ಯಾವ ಲೆಕ್ಕಶೀರ್ಷಿಕೆಯೂ ಇಲ್ಲದಿರುವುದು ನನ್ನನ್ನು ಬಹಳ ಕಾಡುತ್ತದೆ. ಹಣಕ್ಕಿಂತಲೂ ಹೆಚ್ಚಾಗಿ, ಬಂದು ಮನೆಯನ್ನು ನೋಡುವವರೇ ನಮ್ಮಲ್ಲಿಲ್ಲ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ತರಬೇತಿಯನ್ನೂ ತಕ್ಕ ಸಂಭಾವನೆಯನ್ನೂ ಕೊಟ್ಟು ಈ ನೋಟದ ಕೆಲಸವನ್ನು ಒಪ್ಪಿಸಬಹುದು.

ಅಮ್ಮನ ಜೊತೆಗಿನ ಮೊದಲ ವಾದ ಹೊಸಿಲಿನದು. ದಿನವೂ ನೀರು ಹಾಕಿ ರಂಗೋಲಿ ಎಳೆದು ಅರಿಸಿನ ಕುಂಕುಮ ಇಡುವ ಹೊಸಿಲನ್ನು ಕೀಳಿಸುವ ಮಾತೆತ್ತಬಾರದು ಎಂದಳು. ಅವಳ ಮಾತು ಸರಿಯೆಂದು ನನಗೆ ಮನವರಿಕೆಯಾದದ್ದು ಜಪಾನಿನ ಮನೆಗಳಿಂದಲೇ. ಅಲ್ಲಿ ಪಾದರಕ್ಷೆ ಬಿಡುವ ಗೆನ್‌ಕಾನ್‌ಗೂ ಒಳನೆಲಕ್ಕೂ ನಡುವೆ ಒಂದು ಎತ್ತರವಿರುತ್ತದೆ. ಹೊರಗಿನ ಕೊಳೆಯನ್ನು ಹೊರಗೇ ನಿಲ್ಲಿಸುವ ಗೆರೆಯದು. ಪಕ್ಕದ ಮನೆಯ ಅಜ್ಜಿ ಅದನ್ನು ಹಾಗೆಯೇ ಉಳಿಸಿಕೊಂಡು, ನಡುವೆ ಅರ್ಧ ಎತ್ತರದ ಮರದ ಮೆಟ್ಟಿಲನ್ನೂ ಪಕ್ಕದಲ್ಲಿ ನೆಟ್ಟನೆಯ ಕಂಬಿಯನ್ನೂ ಇಡಿಸಿಕೊಂಡಿದ್ದಾರೆ. ನಾವೂ ಹೆಬ್ಬಾಗಿಲ ಹೊಸಿಲನ್ನು ಮುಟ್ಟದೆ ದಾರಂದಕ್ಕೆ ಮರದ ಹಿಡಿಕೆ ಹೊಡೆಸಿದೆವು. ಯಾವ ಪೂಜೆಯೂ ಇಲ್ಲದ ಬಚ್ಚಲುಮನೆಯ ಕಟ್ಟೆಯನ್ನು ಮಾತ್ರ ಒಡೆಸಿ ಇಳಿಜಾರು ಮಾಡಿಸಿದೆವು.

ಸ್ನಾನದ ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲೆಂದು ನನಗನ್ನಿಸುತ್ತದೆ. ಜಪಾನಿನ ಹಿರಿಯರು ಕಾಲೆತ್ತಿ ತೊಟ್ಟಿಯ ಅಂಚನ್ನು ದಾಟಿ ನೀರಿಗಿಳಿಯಬೇಕು. ನಮ್ಮವರು ಕುಳಿತಲ್ಲೇ ಹಂಡೆಯ ನೀರು ಮೊಗೆದು ಹಾಕಿಕೊಳ್ಳುತ್ತಾರೆ. ತಗ್ಗಿನ ಮಣೆಯ ಬದಲು ರಬ್ಬರ್ ಕಾಲಿನ ಎತ್ತರದ ಸ್ಟೂಲ್ ಇಟ್ಟರೆ ಏಳುವ ಕಷ್ಟ ಬಹಳ ಕಡಿಮೆಯಾಗುತ್ತದೆ. ಅಪಾಯವಿರುವುದು ಏಳುವಾಗ ಕೈಗೆ ಸಿಕ್ಕಿದ್ದನ್ನು ಹಿಡಿಯುವುದರಲ್ಲಿ. ಅಮ್ಮ ಹಿಡಿದದ್ದು ಟವೆಲ್ ಹಾಕುವ ರಾಡ್. ಅದು ಬಟ್ಟೆಯ ಭಾರಕ್ಕೆಂದು ಕೂಡಿಸಿದ್ದು, ಮನುಷ್ಯರ ಭಾರಕ್ಕಲ್ಲ. ಗೋಡೆಯಿಂದ ಕಿತ್ತು ಅವಳ ಕೈಯಲ್ಲೇ ಉಳಿಯಿತು. ಗಾರೆಯ ಇಟ್ಟಿಗೆ ಗೋಡೆಯಾದರೆ ಆ್ಯಂಕರ್ ಬೋಲ್ಟ್ ಹಾಕಿ ಗ್ರಾಬ್ ಬಾರ್ ಕೂಡಿಸಬಹುದು. ನಮ್ಮದು ಹಳೆಯ ಮಣ್ಣಿನ ಗೋಡೆಯಾದ್ದರಿಂದ ಬಡಗಿ ನೆಲದಿಂದ ತೊಲೆಯವರೆಗೆ ಒಂದು ಕಂಬ ನಿಲ್ಲಿಸಿ ಅದಕ್ಕೇ ಕಂಬಿ ಜೋಡಿಸಿದ. ಒಳಕ್ಕೆ ತೆರೆಯುತ್ತಿದ್ದ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿದೆವು. ಅಮ್ಮ ಬಿದ್ದ ದಿನ ಅವಳ ದೇಹವೇ ಬಾಗಿಲಿಗೆ ಅಡ್ಡವಾಗಿ, ಒಳಗೆ ಹೋಗಲು ಅತ್ತಿಗೆ ಪಟ್ಟ ಪಾಡನ್ನು ನೆನೆದರೆ ಈಗಲೂ ಎದೆ ಹಿಂಡುತ್ತದೆ.

"ನಾವೆಲ್ಲ ಇದ್ದೇವಲ್ಲ, ಕೈ ಹಿಡಿದು ಕರೆದುಕೊಂಡು ಹೋಗುತ್ತೇವೆ" ಎಂದು ಅಣ್ಣ ಹೇಳಿದ್ದು ಪ್ರೀತಿಯಿಂದಲೇ. ಆ ಪ್ರೀತಿಗೆ ಬೆಲೆಯಿದೆ. ಯೊಕೊಹಾಮಾದ ಅಜ್ಜಿಗೆ ಕಂಬಿಗಳಿವೆ, ಆದರೆ ಬಿದ್ದರೆ ಕೂಗು ಕೇಳಿಸಿಕೊಳ್ಳುವವರು ಮನೆಯೊಳಗಿಲ್ಲ. ಆದರೂ ರಾತ್ರಿ ಎರಡು ಗಂಟೆಗೆ ಸೊಸೆಯನ್ನು ಎಬ್ಬಿಸಲು ಅಮ್ಮನಿಗೆ ಸಂಕೋಚ, ಹಾಗಾಗಿ ಕತ್ತಲಲ್ಲಿ ಒಬ್ಬಳೇ ಎದ್ದು ಹೋಗುತ್ತಾಳೆ. ಆ ಹೊತ್ತಿಗೆ ಅವಳಿಗೆ ಬೇಕಾದದ್ದು ಹಾಸಿಗೆಯಿಂದ ಬಚ್ಚಲಿನವರೆಗೆ ಕರೆಂಟು ಹೋದರೂ ಉರಿಯುವ ಒಂದೆರಡು ಸಣ್ಣ ದೀಪ, ಕೈಗೆಟಕುವ ಕಂಬಿ.

ಇದು ಪರದೇಶದ ಹೊಸತೇನೂ ಅಲ್ಲ. ಮಲೆನಾಡಿನ ಹಳೆಯ ಮನೆಗಳಲ್ಲಿ ಅಟ್ಟದ ಮೆಟ್ಟಿಲಿನ ಪಕ್ಕ ಹಿಡಿದು ಹತ್ತಲು ಹಗ್ಗ ಇಳಿಬಿಡುತ್ತಿದ್ದರು. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳದಲ್ಲಿ ಓಡಾಡಲು ಅಡಿಕೆ ಮರ ಸೀಳಿದ ದಬ್ಬೆ ಹಾಸುತ್ತಿದ್ದರು. ಈ ಸಲ ರಜೆ ಮುಗಿಯುವಷ್ಟರಲ್ಲಿ ಮನೆಯೊಳಗಿನ ಕೆಲಸವಷ್ಟೇ ಮುಗಿಯಿತು. ಜಗಲಿಯಿಂದ ತುಳಸಿಕಟ್ಟೆಯವರೆಗೆ ದಬ್ಬೆ ಹಾಸಿ, ಒಂದು ಬದಿಗೆ ಹಿಡಿದುಕೊಳ್ಳಲು ಬಿದಿರಿನ ಗಳ ಕಟ್ಟಿಸುವುದು ಬಾಕಿಯಿದೆ. ಮಳೆ ಹಿಡಿಯುವ ಮೊದಲೇ ಅದನ್ನು ಮುಗಿಸುತ್ತೇನೆಂದು ಅಣ್ಣ ಒಪ್ಪಿಕೊಂಡಿದ್ದಾನೆ.