ಇಲಿಗಳ ಸ್ವರ್ಗಕ್ಕೆ ಬಾಗಿಲೇ ಇರಲಿಲ್ಲ

ಆಗಾಗ ಯಾರಾದರೂ ಒಬ್ಬರು ಆ ಇಲಿಗಳ ವಿಡಿಯೋ ಕಳಿಸುತ್ತಲೇ ಇರುತ್ತಾರೆ. ಭಯ ಹುಟ್ಟಿಸೋ ಮ್ಯೂಸಿಕ್ಕು, ಗಡಸು ದನಿ. ಊಟಕ್ಕೂ ನೀರಿಗೂ ಕೊರತೆಯಿಲ್ಲದ ಸ್ವರ್ಗದಲ್ಲಿ ಇಲಿಗಳು ಹೆಚ್ಚಿ ಹೆಚ್ಚಿ ಕೊನೆಗೆ ವಂಶವೇ ಅಳಿದುಹೋಯಿತಂತೆ, ಮುಂದಿನ ಸರದಿ ನಮ್ಮದಂತೆ. ಕಳಿಸಿದವರು ಆ ಹೊತ್ತಿಗೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತಿದ್ದರಂತೂ ಪೂರ್ತಿ ನಂಬಿಬಿಟ್ಟಿರುತ್ತಾರೆ.

ಕಥೆ ಸುಳ್ಳಲ್ಲ. 1968ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಜಾನ್ ಕ್ಯಾಲ್ಹೂನ್ ಎಂಬ ವಿಜ್ಞಾನಿ ಸುಮಾರು ಎಂಟೂವರೆ ಅಡಿ ಚೌಕದ ಆವರಣದೊಳಗೆ ನಾಲ್ಕು ಜೋಡಿ ಚಿಕ್ಕ ಇಲಿಗಳನ್ನು ಬಿಟ್ಟರು. ಹೆಸರು 'ಯೂನಿವರ್ಸ್ 25'. ಬೆಕ್ಕಿಲ್ಲ, ಹಸಿವಿಲ್ಲ, 3840 ಇಲಿಗಳಿಗೆ ಸಾಲುವಷ್ಟು ಗೂಡು. ಆದರೆ ಸಂಖ್ಯೆ 2200ರ ಹತ್ತಿರ ಹೋಗಿ ನಿಂತಿತು. ತಾಯಂದಿರು ಮರಿಗಳನ್ನು ಬಿಟ್ಟರು, ಗಂಡುಗಳು ಕಚ್ಚಾಡಿದವು, ಇನ್ನು ಕೆಲವು ಯಾರ ಗೊಡವೆಯೂ ಬೇಡವೆಂದು ತಿನ್ನುವುದು, ಮಲಗುವುದು, ಮೈ ನೆಕ್ಕಿಕೊಂಡು ನೀಟಾಗಿರುವುದು ಇಷ್ಟೇ ಮಾಡಿಕೊಂಡಿದ್ದವು. ಇವಕ್ಕೆ ಕ್ಯಾಲ್ಹೂನ್ 'ಸುಂದರರು' ಅಂತ ಹೆಸರಿಟ್ಟರು. ಆಮೇಲೆ ಮರಿ ಹುಟ್ಟುವುದೇ ನಿಂತುಹೋಯಿತು.

ಆದರೆ ಗೂಡುಗಳು ಇನ್ನೂ ಖಾಲಿ ಇದ್ದವಲ್ಲ! ಜಾಗ ಸಾಲದೆ ಸತ್ತವು ಅನ್ನೋದು ಅಲ್ಲೇ ಸ್ವಲ್ಪ ಅಲುಗಾಡುತ್ತದೆ.

ನನಗೆ ಜಾಸ್ತಿ ಇಷ್ಟ ಅವರ ಹಿಂದಿನ ಪ್ರಯೋಗ, 1962ರಲ್ಲಿ ವರದಿಯಾದದ್ದು. ಅದು ದೊಡ್ಡ ಜಾತಿಯ ಇಲಿಗಳದ್ದು. ಒಂದು ಕೋಣೆಯಲ್ಲಿ ನಾಲ್ಕು ಅಂಕಣ, ಒಂದರಿಂದ ಒಂದಕ್ಕೆ ಹೋಗಲು ಇಳಿಜಾರು, ಆದರೆ ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಮಾತ್ರ ದಾರಿಯಿಲ್ಲ. ಹಾಗಾಗಿ ಆ ಎರಡು ತುದಿಗಳಿಗೆ ಒಂದೊಂದೇ ಬಾಗಿಲು. ಅಲ್ಲೊಂದು ಜಬರದಸ್ತ್ ಗಂಡಿಲಿ ಕಾವಲು ಕೂತರೆ ಮುಗೀತು, ಒಳಗಿದ್ದ ತಾಯಂದಿರು ಮರಿಗಳನ್ನು ಚೆನ್ನಾಗಿಯೇ ಸಾಕಿದವು. ನೂಕುನುಗ್ಗಲು, ರಂಪ ಎಲ್ಲ ನಡುವಿನ ಅಂಕಣಗಳಲ್ಲಿ. ಇನ್ನೂ ತಮಾಷೆ ನೋಡಿ: ಗಟ್ಟಿ ತಿನಿಸನ್ನು ತಂತಿಬಲೆಯ ಹಿಂದೆ ಇಟ್ಟಾಗ ಕಡಿದು ತಿನ್ನೋಕೆ ಹೊತ್ತು ಹಿಡಿಯುತ್ತಿತ್ತು, ಅಕ್ಕಪಕ್ಕದವರ ಜೊತೆಯಲ್ಲೇ ತಿನ್ನುವ ಅಭ್ಯಾಸ ಬಿದ್ದು ಬಹಳಷ್ಟು ಇಲಿಗಳು ಒಂದೇ ಕಡೆ ಮುಗಿಬಿದ್ದವು. ಬೇಗ ತಿಂದು ಹೋಗಬಹುದಾದ ಪುಡಿ ತಿನಿಸು ಇಟ್ಟಾಗ ಆ ಮುಗಿಬೀಳುವಿಕೆ ಕಾಣಲಿಲ್ಲ. ತೊಂದರೆಗಳು ಆಗಲೂ ಇದ್ದವು, ಇಲ್ಲ ಅಂತಲ್ಲ. ಆದರೆ ಇಲಿಗಳ ಹಣೆಬರಹದಲ್ಲಿ ತಿನಿಸಿನ ಡಬ್ಬಿಯ ಡಿಸೈನಿಗೂ ಒಂದು ಪಾಲಿತ್ತು ಅನ್ನೋದನ್ನು ವಿಡಿಯೋದವರು ಹೇಳೋದಿಲ್ಲ, ಹೇಳಿದರೆ ಮ್ಯೂಸಿಕ್ಕು ಹೊಂದಲ್ಲ.

ಮನುಷ್ಯರನ್ನೇ ಕೂಡಿಹಾಕಿ ನೋಡಿದವರೂ ಇದ್ದಾರೆ. ಮನಶ್ಶಾಸ್ತ್ರಜ್ಞ ಜೊನಾಥನ್ ಫ್ರೀಡ್‌ಮನ್ 1970ರ ದಶಕದಲ್ಲಿ ವಿದ್ಯಾರ್ಥಿಗಳನ್ನು ಇಕ್ಕಟ್ಟಾದ ಕೋಣೆಯಲ್ಲಿ ಕೂರಿಸಿ ಕೆಲಸ ಕೊಟ್ಟರು, ಅಂಥಾ ಅನಾಹುತವೇನೂ ಆಗಲಿಲ್ಲ. ಕೆಲವು ಗಂಟೆಗಳ ಕೋಣೆಯಿಂದ ಇಡೀ ಬದುಕನ್ನು ಅಳೆಯೋದೂ ಕಷ್ಟವೇ. ಅದಕ್ಕಿಂತ ಹಾಂಗ್‌ಕಾಂಗಿನ ಮನೆಗಳ ಬಗ್ಗೆ ಸಮಾಜಶಾಸ್ತ್ರಜ್ಞ ರಾಬರ್ಟ್ ಮಿಚೆಲ್ 1971ರಲ್ಲಿ ಬರೆದದ್ದು ಹೆಚ್ಚು ಹೇಳುತ್ತದೆ. ಇಕ್ಕಟ್ಟೊಂದರಿಂದಲೇ ಮನಸ್ಸು ಅಷ್ಟಾಗಿ ಕೆಡುತ್ತಿರಲಿಲ್ಲ. ಸಂಬಂಧಿಕರಲ್ಲದವರ ಜೊತೆ ಮನೆ ಹಂಚಿಕೊಂಡು, ಅದೂ ಮೇಲಿನ ಮಹಡಿಗಳಲ್ಲಿದ್ದವರಿಗೆ ತ್ರಾಸ ಜಾಸ್ತಿ. ಕೆಳಗಿನವರು ಜಗಳವಾದರೆ ಬೀದಿಗೆ ಹೋಗಿ ನಿಲ್ಲಬಹುದು, ಆರನೇ ಮಹಡಿಯವನು ಎಲ್ಲಿಗೆ ಹೋಗಬೇಕು?

ಆ ಚೌಕದ ಆವರಣದ ಇಲಿಗಳಿಗೂ ಹೋಗೋಕೆ ಬೇರೆ ಊರಿರಲಿಲ್ಲ. ನಮ್ಮ ಮದುವೆಮನೆಗಳಲ್ಲಿ ಹಾಲ್ ತುಂಬ ಜಮಖಾನ ಹಾಸಿ ಸಾಲಾಗಿ ಮಲಗುತ್ತಾರೆ, ಯಾರ ಕಾಲು ಯಾರ ತಲೆಗೋ, ಆದರೂ ನಗು ನಿಲ್ಲೋದಿಲ್ಲ. ನಾಳೆ ಮನೆಗೆ ಹೋಗ್ತೀವಿ ಅಂತ ಎಲ್ಲರಿಗೂ ಗೊತ್ತು, ಅಲ್ವಾ. ಬೆಳಿಗ್ಗೆ ಐದಕ್ಕೆ ಇರೋ ಒಂದೇ ಬಚ್ಚಲುಮನೆಯ ಬಾಗಿಲಲ್ಲಿ ದೊಡ್ಡಪ್ಪ ಟವೆಲ್ ಹೆಗಲಿಗೆ ಹಾಕ್ಕೊಂಡು ನಿಂತಾಗ ಮಾತ್ರ ಕ್ಯಾಲ್ಹೂನ್ ಹೇಳಿದ್ದರಲ್ಲಿ ಏನೋ ಇದೆ ಅನ್ನಿಸುತ್ತದೆ.