‘ಮೀಡಿಯಂ’ ಅಂದರೆ ಎಷ್ಟನೇ ಕಿಲೋಮೀಟರಿಗೆ?

ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೀತಿದ್ದೇನೆ.

ಪುಣೆಯಿಂದ ವಾಯಿ ಊರಿನ ಮಾರ್ಗವಾಗಿ ಪಾಂಚಗಣಿ ಗಿರಿಧಾಮ, ಅದೇ ದಾರೀಲಿ ವಾಪಸ್. ನಮ್ಮ ಸೈಕಲ್ ಗುಂಪಿಗೆ ಬಂದ ಮೆಸೇಜು ಇಷ್ಟೇ: ‘200 ಕಿ.ಮೀ., ಏರು 2,000 ಮೀ., ಲೆವೆಲ್ ಮೀಡಿಯಂ’. ಅದನ್ನ ನಂಬಿಕೊಂಡು ಬಾಗಲಕೋಟೆ ಕಡೆ ಹುಡುಗನೊಬ್ಬ ಬಂದಿದ್ದ. ಹಿಂಜವಡಿಯಲ್ಲಿ ಕೆಲಸ, ಸೈಕಲ್ ಕೊಂಡು ಐದು ತಿಂಗಳು. ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ಪಕ್ಕಕ್ಕೆ ಬಂದ. ಕಾತ್ರಜ್ ಘಾಟ್ ಹತ್ತಿದ, ಖಂಬಾಟ್ಕಿ ಘಾಟ್ ಹತ್ತಿದ, ಎರಡರಲ್ಲೂ ನನಗಿಂತ ಮುಂದೆ. ವಾಯಿ ದಾಟಿ ಪಸರಣಿ ಘಾಟ್‌ನ ನಾಲ್ಕನೇ ಕಿಲೋಮೀಟರಿಗೆ ನೋಡ್ತೀನಿ, ಕಟ್ಟೆಗೆ ಸೈಕಲ್ ಒರಗಿಸಿ ರಸ್ತೆ ಬದಿ ಕೂತಿದ್ದಾನೆ. ಹನ್ನೊಂದೂವರೆಯ ಬಿಸಿಲು. ಕರಿ ಜರ್ಸಿ ಮೇಲೆ ಉಪ್ಪು ಬೆಳ್ಳಗೆ ಗೆರೆ ಕಟ್ಟಿತ್ತು. ಮೀನಖಂಡ ಚರ್ಮದ ಕೆಳಗೆ ತಾನಾಗೇ ಹಾರ್ತಿತ್ತು, ಮುಟ್ಟಿದರೆ ಕಲ್ಲು.

"ಅಕ್ಕಾ, ಇನ್ನ ಎಷ್ಟ ಐತ್ರಿ?"

"ಎಂಟ್ ಕಿಲೋಮೀಟರ್ ಐತಪಾ. ಸುಮ್ನ ಕುಂದ್ರು."

"ಮೀಡಿಯಂ ಅಂತ ಹಾಕಿದ್ರಲ್ರಿ..."

ಆ ಮಾತು ನನ್ನ ಎದೆಗೆ ಚುಚ್ಚಿದೆ. ಮೆಸೇಜು ಹಾಕಿದ್ದು ನಾನಲ್ಲ. ಆದರೆ ಓದಿ ಸುಮ್ಮನಿದ್ದೆನಲ್ಲ.

ಎರಡು ಅಂಕಿ ಕೊಟ್ಟು ದಾರಿಯ ಕಷ್ಟ ಹೇಳಿದೆವು ಅಂದುಕೊಳ್ಳೋದನ್ನ ದಯವಿಟ್ಟು ಬಿಡಿ. ಹತ್ತು ಕಿಲೋಮೀಟರಿನಲ್ಲಿ 500 ಮೀಟರ್ ಏರು ಅಂದರೆ ಉದ್ದಕ್ಕೂ 5% (ನೂರು ಮೀಟರ್ ಹೋದರೆ ಐದು ಮೀಟರ್ ಮೇಲೆ) ಇರಬಹುದು. ಐದು ಕಿಲೋಮೀಟರ್ ಸಪಾಟಾಗಿದ್ದು ಉಳಿದ ಐದು 10% ಇರಬಹುದು. ಮೆಸೇಜಿನಲ್ಲಿ ಎರಡೂ ಒಂದೇ. ಮುಂದೆ 34 ಹಲ್ಲು, ಹಿಂದೆ 28 ಹಲ್ಲಿನ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9 ಕಿ.ಮೀ. ಆಸುಪಾಸು ಹೋಗ್ತೀವಿ. ಮನುಷ್ಯ, ಸೈಕಲ್ ಸೇರಿ 80 ಕೆಜಿ ಅಂತಿಟ್ಟುಕೊಂಡರೆ, ಆ ವೇಗಕ್ಕೆ 5% ಏರಿನಲ್ಲಿ ಕಾಲಿನಿಂದ 110 ವ್ಯಾಟ್ ಶಕ್ತಿ ಸಾಕು, 10% ಏರಿನಲ್ಲಿ 200 ಬೇಕು. ಮೊದಲನೆಯದನ್ನ ಮಾತಾಡ್ತಾ ಹತ್ತಬಹುದು. ಎರಡನೆಯದರಲ್ಲಿ ಹೊಸಬರಿಗೆ ಉಸಿರು ಸಿಗೋದಿಲ್ಲ.

ಆ ಏರು ಎಲ್ಲಿ ಬರುತ್ತೆ ಅನ್ನೋದು ಇನ್ನೂ ದೊಡ್ಡ ಮಾತು. ಪಸರಣಿ ನಿಜಕ್ಕೂ ಕ್ರೂರ ಘಾಟ್ ಅಲ್ಲ. ಹನ್ನೆರಡು ಕಿಲೋಮೀಟರ್ ಒಂದೇ ಹದದಲ್ಲಿ ಹತ್ತುತ್ತೆ, ಕೆಳಗೆ ಧೋಮ್ ಅಣೆಕಟ್ಟಿನ ನೀರು ಕಾಣುತ್ತೆ. ಬೆಳಿಗ್ಗೆ ವಾಯಿಯಿಂದಲೇ ಹೊರಟರೆ ಹಬ್ಬ. ಎರಡು ಘಾಟ್ ಮುಗಿಸಿ, ಎಂಬತ್ತೆಂಟು ಕಿಲೋಮೀಟರ್ ತುಳಿದು, ಏಪ್ರಿಲ್ ತಿಂಗಳ ನಡುಹಗಲಲ್ಲಿ ಬುಡಕ್ಕೆ ಬಂದರೆ ಅದೇ ಬೇರೆ ಘಾಟ್. ಟೂರ್ ಡಿ ಫ್ರಾನ್ಸ್‌ನಲ್ಲಿ ಏರುಗಳನ್ನ ನಾಲ್ಕರಿಂದ ಒಂದರವರೆಗೆ ದರ್ಜೆ ಮಾಡಿ, ಅದಕ್ಕೂ ಮೀರಿದ್ದಕ್ಕೆ ‘ದರ್ಜೆಗೆ ಹೊರತು’ ಅಂತ ಇಡ್ತಾರೆ. ಎಷ್ಟು ಉದ್ದ, ಎಷ್ಟು ಕಡಿದು ಅಂತ ನೋಡೋದಲ್ಲದೆ ಆ ಏರು ದಿನದ ಓಟದ ಯಾವ ಹೊತ್ತಿಗೆ ಬರುತ್ತೆ ಅನ್ನೋದನ್ನೂ ಗಣಿಸ್ತಾರೆ. ಜಗತ್ತಿನ ಅತ್ಯಂತ ಗಟ್ಟಿ ಕಾಲುಗಳಿಗೇ ಅಷ್ಟು ಯೋಚನೆ ಬೇಕಾದರೆ, ಐದು ತಿಂಗಳ ಹುಡುಗನಿಗೆ ಬೇಡವೇ?

ಇನ್ನು ಆ 2,000 ಮೀಟರ್ ಅನ್ನೋ ಅಂಕಿ. ಅದನ್ನ ನಕಾಶೆಯಿಂದ ತೆಗೆದಿರ್ತಾರೆ. ಪುಕ್ಕಟೆ ಸಿಗೋ ಎತ್ತರದ ಲೆಕ್ಕ ಎಷ್ಟೋ ಕಡೆ 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದದ್ದು, ಸುಮಾರು 30 ಮೀಟರಿಗೊಂದು ಚುಕ್ಕಿ. ಗುಡ್ಡದ ಮೈ ಕಡಿದು ಮಾಡಿದ ನಮ್ಮ ಘಾಟ್ ರಸ್ತೆಗಳಲ್ಲಿ ಚುಕ್ಕಿ ಒಮ್ಮೆ ಮೇಲಿನ ಬಂಡೆಗೆ, ಒಮ್ಮೆ ಕೆಳಗಿನ ಕಂದಕಕ್ಕೆ ಬೀಳುತ್ತೆ. ರಸ್ತೆಯಲ್ಲಿ ಇಲ್ಲದ ಏರಿಳಿತ ಲೆಕ್ಕಕ್ಕೆ ಸೇರುತ್ತೆ. ಕಾತ್ರಜ್ ಸುರಂಗದಲ್ಲಿ ನಾವು ಗುಡ್ಡದ ಹೊಟ್ಟೆಯೊಳಗೆ ಹೋಗ್ತಿದ್ದರೂ, ತಿದ್ದದೇ ಬಿಟ್ಟ ನಕಾಶೆ ನಮ್ಮನ್ನ ಗುಡ್ಡದ ನೆತ್ತಿಗೆ ಹತ್ತಿಸಿ ಇಳಿಸುತ್ತೆ. ಗಾಳಿಯ ಒತ್ತಡದಿಂದ ಎತ್ತರ ಅಳೆಯೋ ಮೀಟರ್ ಹಾಕಿಕೊಂಡವರಿಗೆ ಅದೇ ದಾರೀಲಿ ಬೇರೆ ಅಂಕಿ ಬರುತ್ತೆ. ಇಷ್ಟು ಅಲುಗಾಡೋ ಅಂಕಿಯ ಮೇಲೆ ‘ಮೀಡಿಯಂ’ ಅನ್ನೋ ಮುದ್ರೆ ಒತ್ತೋ ಧೈರ್ಯ ಎಲ್ಲಿಂದ ಬರುತ್ತೆ?

ಗಾಳಿ ಅಂತೂ ಯಾವ ಮೆಸೇಜಿನಲ್ಲೂ ಇರೋದಿಲ್ಲ. ಬೇಸಿಗೆಯ ಮಧ್ಯಾಹ್ನದ ಮೇಲೆ ಇಲ್ಲಿ ಪಡುವಣ ಗಾಳಿ ಏಳುತ್ತೆ. ವಾಪಸ್ ಬರುವಾಗ ಶಿರವಳ ಊರು ದಾಟಿ ಪುಣೆ ಕಡೆ ಮುಖ ಮಾಡಿದರೆ ಅದು ಓರೆಯಾಗಿ ಎದುರಿಗೆ ಬಡಿಯುತ್ತೆ, ಅಲ್ಲಿಂದ ಕಾತ್ರಜ್ ಸುರಂಗದ ತನಕ ನಿಧಾನಕ್ಕೆ ಏರು ಬೇರೆ. 200 ಕಿ.ಮೀ. ಬ್ರೆವೆಗೆ (ಇಂತಿಷ್ಟು ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ) ಹದಿಮೂರೂವರೆ ಗಂಟೆ ಕೊಡ್ತಾರೆ. ಬಿಡಿಸಿ ನೋಡಿದರೆ ಗಂಟೆಗೆ 15 ಕಿ.ಮೀ., ಕೇಳೋಕೆ ಎಷ್ಟು ಸಲೀಸು. ಪಸರಣಿಯಲ್ಲಿ ಗಂಟೆಗೆ ಎಂಟರಂತೆ ಹತ್ತಿದರೆ ಒಂದೂವರೆ ಗಂಟೆ ಅಲ್ಲೇ ಕರಗುತ್ತೆ. ಅದನ್ನ ಸಂಜೆಯ ಎದುರುಗಾಳಿಯಲ್ಲಿ ತುಂಬಿಕೊಳ್ಳೋಕಾಗೋದಿಲ್ಲ.

ಗುಂಪಿನ ಹಿರಿಯರೊಬ್ಬರು, ಕಷ್ಟ ಅನ್ನೋದು ಅವರವರ ಕಾಲಿಗೆ ಬಿಟ್ಟಿದ್ದು, ಯಾವ ಅಂಕಿ ಕೊಟ್ಟರೂ ಅಷ್ಟೇ ಅಂದರು. ಕಾಲು ಅವರವರದು, ಒಪ್ಪಿದೆ. ಆದರೆ ಘಾಟ್ ಎಲ್ಲರದೂ ಒಂದೇ ಸರ್! ಎಷ್ಟನೇ ಕಿಲೋಮೀಟರಿಗೆ ಏರು, ಎಷ್ಟು ಕಡಿದು, ನೀರು ಎಲ್ಲಿ ಸಿಗುತ್ತೆ, ನೆರಳು ಎಲ್ಲಿ ಮುಗಿಯುತ್ತೆ ಅಂತ ಹೇಳಿಬಿಟ್ಟರೆ ತನ್ನ ಕಾಲಿನ ಲೆಕ್ಕ ಅವನೇ ಹಾಕಿಕೊಳ್ತಾನೆ. ಹೇಳೋದು ನಮ್ಮ ಕೆಲಸ.

ಇಷ್ಟು ಸಿಟ್ಟು ಯಾಕೆ ಅಂತ ಕೇಳಬಹುದು. ಕೆಲವು ವರ್ಷದ ಹಿಂದೆ ಆಫೀಸಿನ ಗೆಳೆಯನೊಬ್ಬನಿಗೆ ತಾಮ್ಹಿಣಿ ಘಾಟ್ ಬಗ್ಗೆ ನಾನೇ "ಇಳಿಜಾರು, ಆರಾಮಾಗಿ ಹೋಗು" ಅಂದಿದ್ದೆ. ಪುಣೆಯಿಂದ ಕೊಂಕಣಕ್ಕೆ ಇಳಿದವನು ಸಂಜೆ ಸುಸ್ತಾದ ಕಾಲಲ್ಲಿ ಪೂರಾ ಸಹ್ಯಾದ್ರಿ ಹತ್ತಬೇಕು ಅನ್ನೋದನ್ನ ಹೇಳಲೇ ಇಲ್ಲ. ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ದೀಪದ ಬ್ಯಾಟರಿ ಮುಗಿದಿತ್ತು, ದನಿ ನಡುಗ್ತಿತ್ತು. ಟೆಂಪೋದವನೊಬ್ಬ ಪುಣ್ಯಕ್ಕೆ ಹತ್ತಿಸಿಕೊಂಡ. ಗೆಳೆಯ ಆಮೇಲೆ ಸೈಕಲ್ ಮಾರಿಬಿಟ್ಟ. ಆ ತಪ್ಪು ನನ್ನದು, ಇವತ್ತಿಗೂ.

ಭಾನುವಾರ ಹುಡುಗನನ್ನ ಮೆಲ್ಲಗೆ ವಾಯಿಗೆ ಇಳಿಸಿಕೊಂಡು ಬಂದೆ. ರಸವಂತಿಯಲ್ಲಿ ಕೂತು, ಗಾಣದ ಗೆಜ್ಜೆ ಸದ್ದು ಕೇಳ್ತಾ ಮೂರು ಗ್ಲಾಸು ಕಬ್ಬಿನ ಹಾಲು ಕುಡಿದ. ಮೇಲೆ ಒಂದು ಚಿಟಿಕೆ ಉಪ್ಪು ಹಾಕಿಸಿದೆ. ಸೈಕಲ್ ಟೆಂಪೋದಲ್ಲಿ ಬಂತು.

ನಿನ್ನೆ ಅವನದೇ ಮೆಸೇಜು: "ಅಕ್ಕಾ, ಮುಂದಿನ ವಾರ ಖಡಕ್‌ವಾಸ್ಲಾ ಹೋಗೂಣೇನ್ರಿ? ಏರ ಎಷ್ಟ ಐತಿ?" ಕೂತು ಉದ್ದಕ್ಕೆ ಬರೆದೆ. ಅಲ್ಲಿನ ಅಣೆಕಟ್ಟಿನ ತನಕ ಹೆಚ್ಚುಕಮ್ಮಿ ಸಪಾಟು, ಗೋಡೆ ಹತ್ತಿರ ಸಣ್ಣ ದಿಣ್ಣೆ, ಆರಕ್ಕೆ ಹೊರಟರೆ ಗಾಳಿ ಇರೋದಿಲ್ಲ, ಎಂಟರ ಮೇಲೆ ಸಿಂಹಗಡ ರಸ್ತೆಯಲ್ಲಿ ಗಾಡಿ ಜಾಸ್ತಿ, ಅಷ್ಟರೊಳಗೆ ವಾಪಸ್ ಬರೋಣ.

"ಆತ್ರಿ ಅಕ್ಕಾ, ಬರ್ತೀನಿ" ಅಂದಿದ್ದಾನೆ.